ಹಡಗುಹುಚ್ಚರ ಸಹವಾಸ

ಲೋಕದಲ್ಲಿ ಹುಚ್ಚು ಅನೇಕ ವಿಧ. ಅಂಚೆಚೀಟಿಯ ಹುಚ್ಚು, ಇಸ್ಪೀಟಿನ ಹುಚ್ಚು, ಸಂಗೀತದ ಹುಚ್ಚು, ಕ್ರಿಕೆಟ್ಟಿನ ಹುಚ್ಚು, ಇವೆಲ್ಲ ನಮ್ಮ ಬೀದಿಯಲ್ಲಿಯೇ ಕಾಣಸಿಗುವಂಥವು. ನನ್ನ ಸೋದರಮಾವನೊಬ್ಬನಿಗೆ ರೈಲಿನ ವೇಳಾಪಟ್ಟಿಯ ಹುಚ್ಚಿದ್ದಿತು. ಎಲ್ಲಿಗೂ ಪ್ರಯಾಣ ಮಾಡದ ಆ ಮಹಾನುಭಾವ ಅರಸೀಕೆರೆಯಲ್ಲಿ ಯಾವ ಗಾಡಿ ಎಷ್ಟು ನಿಮಿಷ ನಿಲ್ಲುವುದೆಂದು ಬಾಯಿಪಾಠ ಒಪ್ಪಿಸುತ್ತಿದ್ದ. ಆದರೆ ಸರಕು ಸಾಗಿಸುವ ಹಡಗುಗಳನ್ನು ನೋಡುವುದಕ್ಕೆಂದೇ ಗಂಟೆಗಟ್ಟಲೆ ನದಿಯ ದಂಡೆಯಲ್ಲಿ ಕುಳಿತು, ಈ ಹಡಗಿನ ಮೂತಿ ಚೆನ್ನ, ಆ ಹಡಗಿನ ಸೊಂಟ ದಪ್ಪ ಎಂದು ವಾಗ್ವಾದ ಹೂಡುವ ಹುಚ್ಚರೂ ಇದ್ದಾರೆಂಬುದು 2024ರ ಜೂನ್ ತಿಂಗಳವರೆಗೆ ನನಗೆ ತಿಳಿದಿರಲಿಲ್ಲ. ಮೂರು ವಾರ ಅವರ ಸಹವಾಸ ಮಾಡಿದೆ. ಅದರಿಂದ ನನಗಾದ ಲಾಭವನ್ನು ಹೇಳಿಕೊಳ್ಳುವುದಕ್ಕಾಗಿ ಈ ನಾಲ್ಕು ಮಾತು.

ನನ್ನ ಮಗಳೂ ಅಳಿಯನೂ ಜರ್ಮನಿಯ ಹ್ಯಾಂಬರ್ಗ್ ನಗರದ ಮಗ್ಗುಲಲ್ಲಿರುವ ವೇಡಲ್ ಎಂಬ ಊರಿನಲ್ಲಿದ್ದಾರೆ. ಹ್ಯಾಂಬರ್ಗ್ ಯೂರೋಪಿನ ಹೆಸರಾಂತ ಬಂದರುಗಳಲ್ಲಿ ಒಂದಾದರೂ ಸಮುದ್ರತೀರದಲ್ಲಿಲ್ಲ. ಸಮುದ್ರದಿಂದ ಎಲ್ಬೆ ನದಿಯೊಳಗೆ ನೂರು ಕಿಲೋಮೀಟರಿಗೂ ಮಿಕ್ಕಿ ಬಂದ ಮೇಲೆಯೇ ಹಡಗುಗಳಿಗೆ ಅದರ ದರ್ಶನ. ಹಾಗೆ ಬರುವ ಹಡಗುಗಳೆಲ್ಲ ವೇಡಲ್ಲಿನ ಮುಂದೆ ಹಾದುಹೋಗಲೇಬೇಕು. ಅಲ್ಲಿ ನದಿಯ ದಂಡೆಯಲ್ಲಿ ಒಂದು ಉಪಾಹಾರಗೃಹ. ಅದರ ಬಳಿ ಎತ್ತರವಾದ ಧ್ವಜಸ್ತಂಭ ಮತ್ತು ಧ್ವನಿವರ್ಧಕಗಳು. 1952ರಿಂದ ಅಲ್ಲೊಂದು ಸೊಗಸಾದ ಸಂಪ್ರದಾಯ ನಡೆದುಬಂದಿದೆ. ಹಗಲು ಹೊತ್ತಿನಲ್ಲಿ ದೊಡ್ಡ ಹಡಗು ಬಂದೊಡನೆ ಧ್ವಜವನ್ನು ತಗ್ಗಿಸಿ ವಂದಿಸುತ್ತಾರೆ; ಆ ಹಡಗು ಯಾವ ದೇಶದ ಬಾವುಟ ಹೊತ್ತಿದೆಯೋ ಆ ದೇಶದ ರಾಷ್ಟ್ರಗೀತೆಯನ್ನು ನುಡಿಸುತ್ತಾರೆ; ಬಳಿಕ ಹಡಗಿನ ಉದ್ದಗಲ, ಹುಟ್ಟಿದ ವರ್ಷ, ಗೋತ್ರಪ್ರವರಗಳನ್ನೆಲ್ಲ ನೆರೆದವರಿಗೆ ಓದಿ ಹೇಳುತ್ತಾರೆ. ನಮ್ಮಲ್ಲಿ ಬೀಗರು ಬಂದಾಗ ಬಾಗಿಲಲ್ಲಿ ವಾಲಗ ಊದಿಸುವಂತೆ!

ನಾನು ದಿನವೂ ಆ ದಂಡೆಗೆ ಹೋಗುತ್ತಿದ್ದುದಕ್ಕೆ ಬೇರೆ ಕಾರಣವಿದ್ದಿತು. ಅದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ನನ್ನ ಮಗ ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿದ. ನಾನು ಮೂವತ್ತನಾಲ್ಕು ವರ್ಷ ಬ್ಯಾಂಕಿನಲ್ಲಿ ಲೆಕ್ಕ ಬರೆದವನು. ಬಸವನಗುಡಿಯಿಂದ ಬಸ್ಸಿನಲ್ಲಿ ಹೋಗಿ ಸಂಜೆ ಮನೆಗೆ ಬರುವಂಥ ಕೆಲಸವೇ ಕೆಲಸವೆಂದು ನಂಬಿದವನು. ಮಗ ಮಾತ್ರ ಒಂದು ವರ್ಷದ ನೌಕಾ ಎಂಜಿನಿಯರಿಂಗ್ ತರಬೇತಿ ಮುಗಿಸಿ ಹಡಗು ಹತ್ತುವೆನೆಂದ. ಅಂದು ರಾತ್ರಿ ಊಟದ ಹೊತ್ತಿನಲ್ಲಿ, "ಹಡಗಿನ ಹೊಟ್ಟೆಯಲ್ಲಿ ಎಣ್ಣೆ ಒರೆಸುವುದಕ್ಕೇನೋ ನಿನ್ನನ್ನು ಓದಿಸಿದ್ದು?" ಎಂದುಬಿಟ್ಟೆ. ಅವನು ಉತ್ತರ ಕೊಡಲಿಲ್ಲ. ಎಲೆಯಲ್ಲಿದ್ದುದನ್ನು ಮುಗಿಸಿ ಎದ್ದುಹೋದ. ಆಮೇಲಿನ ಆರು ವರ್ಷಗಳಲ್ಲಿ ನಮ್ಮಿಬ್ಬರ ನಡುವೆ ಉಳಿದುದು ಮೂರೇ ಮಾತು: "ಊಟ ಆಯಿತೆ?", "ಹುಷಾರಾಗಿದ್ದೀಯಾ?", "ಅಮ್ಮನ ಕೈಗೆ ಕೊಡುತ್ತೇನೆ." ಅವನ ತಾಯಿ ಟೆಲಿಫೋನಿನಲ್ಲಿ ಅರ್ಧ ಗಂಟೆ ಮಾತಾಡಬಲ್ಲಳು. ನನಗೆ ನಾಲ್ಕನೆಯ ಮಾತು ಹುಟ್ಟುತ್ತಲೇ ಇರಲಿಲ್ಲ. ಜಗಳವಿರಲಿಲ್ಲ, ಜಗಳವಿದ್ದರೆ ಮಾತಾದರೂ ಇರುತ್ತಿತ್ತು.

ನಾವು ವೇಡಲ್ ತಲುಪಿದ ಮಾರನೆಯ ದಿನವೇ ಮಗಳು, "ಅಪ್ಪ, ತಮ್ಮ ಕೆಲಸದಲ್ಲಿರುವ ಹಡಗು ಇನ್ನು ಮೂರು ವಾರಕ್ಕೆ ಇಲ್ಲಿಗೇ ಬರುತ್ತದಂತೆ. ನಮ್ಮ ಮನೆಯ ಮುಂದೆಯೇ ಹಾದು ಹೋಗುತ್ತಾನೆ" ಎಂದಳು. ಆಗ ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ದಾಳಿ ನಡೆಯುತ್ತಿದ್ದುದರಿಂದ ಬಹುಪಾಲು ದೊಡ್ಡ ಹಡಗುಗಳು ಸೂಯೆಜ್ ಕಾಲುವೆಯನ್ನು ಬಿಟ್ಟು ಆಫ್ರಿಕವನ್ನೇ ಸುತ್ತಿ ಬರುತ್ತಿದ್ದವು. ಮಗನ ಹಡಗೂ ಹಾಗೆಯೇ ಸುತ್ತುತ್ತಿತ್ತು. ನನ್ನಾಕೆ ಆ ದಿನದಿಂದಲೇ ಚಕ್ಕುಲಿಗೆ ಅಕ್ಕಿಹಿಟ್ಟು ಎಲ್ಲಿ ಸಿಗುವುದೆಂದು ವಿಚಾರಿಸತೊಡಗಿದಳು. ನಾನು ನದಿಯ ದಂಡೆಗೆ ಹೋಗಿ ಕುಳಿತೆ.

ಅಲ್ಲಿ ದೊರೆತವರೇ ಈ ಹಡಗುಹುಚ್ಚರು. ಮುಖ್ಯರಾದವರು ಮೂವರು. ಒಬ್ಬರು ಬಂದರಿನಲ್ಲಿ ಕ್ರೇನ್ ನಡೆಸಿ ನಿವೃತ್ತರಾದ ಮುದುಕರು. ಕೊರಳಲ್ಲಿ ಸದಾ ದುರ್ಬೀನು. ಇನ್ನೊಬ್ಬರು ಶಾಲೆಯಲ್ಲಿ ಭೌತಶಾಸ್ತ್ರ ಕಲಿಸಿದ್ದ ವಯಸ್ಸಾದ ಉಪಾಧ್ಯಾಯಿನಿ. ಅಚ್ಚುಕಟ್ಟಾದ ಇಂಗ್ಲಿಷ್ ಆಡುತ್ತಿದ್ದರು, ಮುದುಕರ ಜರ್ಮನ್ ಮಾತನ್ನು ನನಗೆ ತಿಳಿಸಿ ಹೇಳುತ್ತಿದ್ದವರೂ ಅವರೇ. ಮೂರನೆಯವನು ಹನ್ನೆರಡು ವರ್ಷದ ಹುಡುಗ. ತಾನು ಕಂಡ ಹಡಗುಗಳನ್ನೆಲ್ಲ ಗೆರೆ ಎಳೆದು ಬರೆದುಕೊಂಡ ದಪ್ಪ ನೋಟ್‌ಬುಕ್ಕು ಅವನ ಕಂಕುಳಲ್ಲಿ.

ಮೊದಲ ದಿನ ನನ್ನ ಕಣ್ಣಿಗೆ ಹಡಗುಗಳೆಲ್ಲ ಒಂದೇ ರೀತಿ ಕಂಡವು: ಬಣ್ಣಬಣ್ಣದ ಕಬ್ಬಿಣದ ಪೆಟ್ಟಿಗೆಗಳನ್ನು ಪೇರಿಸಿಕೊಂಡು ತೇಲುವ ಒಂದು ಬೀದಿ. ಹಾಗೆಂದು ಬಾಯಿತಪ್ಪಿ ಹೇಳಿದೆ. ಕಲ್ಯಾಣಿಗೂ ಕಾಂಬೋಧಿಗೂ ವ್ಯತ್ಯಾಸವೇನೆಂದು ಸಂಗೀತ ಕಚೇರಿಯಲ್ಲಿ ಕೇಳಿದವನನ್ನು ರಸಿಕರು ನೋಡುವಂತೆ ಮೂವರೂ ನನ್ನನ್ನು ನೋಡಿದರು. ಅಂದಿನಿಂದ ನನ್ನ ಪಾಠ ಪ್ರಾರಂಭವಾಯಿತು.

"ಮೊದಲು ಮನೆ ಎಲ್ಲಿದೆ ನೋಡಿ" ಎಂದರು ಉಪಾಧ್ಯಾಯಿನಿ. ಮನೆಯೆಂದರೆ ಹಡಗಿನ ಮೇಲೆ ಎದ್ದುನಿಂತ ವಸತಿಗೋಪುರ. ನಾವಿಕರು ಮಲಗುವುದು, ಉಣ್ಣುವುದು ಅಲ್ಲಿ. ಅದರ ತುತ್ತತುದಿಯಲ್ಲಿ ಕಪ್ತಾನನು ನಿಂತು ದಾರಿ ನೋಡುವ ಬ್ರಿಜ್ಜು. ಹಿಂದೆಲ್ಲ ಆ ಗೋಪುರ ಹಡಗಿನ ಹಿಂಭಾಗದ ಕಡೆಗೆ, ಎಂಜಿನ್ನಿನ ನೆತ್ತಿಯ ಮೇಲೆಯೇ, ಹೊಗೆಕೊಳವೆಗೆ ಅಂಟಿಕೊಂಡೇ ಇರುತ್ತಿತ್ತು. ಡೆನ್ಮಾರ್ಕಿನಲ್ಲಿ ಕಟ್ಟಿ 2006ರಲ್ಲಿ ನೀರಿಗಿಳಿಸಿದ 'ಎಮ್ಮಾ ಮೇರ್ಸ್ಕ್' ಆ ಜಾತಿಯ ಮಹಾರಾಣಿ. 397 ಮೀಟರ್ ಉದ್ದ, 56 ಮೀಟರ್ ಅಗಲ. ಅದರ ಹೊಟ್ಟೆಯಲ್ಲಿ 14 ಸಿಲಿಂಡರುಗಳ ಒಂದೇ ಎಂಜಿನ್, ಸುಮಾರು 80,000 ಕಿಲೋವಾಟ್ ಬಲ. ಕ್ರೇನಿನ ಮುದುಕರು ಆಕೆಯ ಪರಮಭಕ್ತರು. "ಅದು ಹಡಗು! 25 ನಾಟ್ ವೇಗದಲ್ಲಿ ಓಡುತ್ತಿತ್ತು. ಮೂತಿ ಕತ್ತಿಯ ಹಾಗೆ. ಈಗಿನವು ತೇಲುವ ಗೋದಾಮುಗಳು" ಎನ್ನುವರು.

ಉಪಾಧ್ಯಾಯಿನಿಯದು ಎದುರು ಪಕ್ಷ. 2013ರಲ್ಲಿ ಕೊರಿಯದಲ್ಲಿ ಕಟ್ಟಿದ 'ಮೇರ್ಸ್ಕ್ ಮೆಕ್-ಕಿನ್ನೆ ಮೊಲ್ಲರ್' ಆಕೆಯ ಆದರ್ಶ. ಅದರಲ್ಲಿ ವಸತಿಗೋಪುರವನ್ನು ಹೊಗೆಕೊಳವೆಯಿಂದ ಕಿತ್ತು ಮುಂದಕ್ಕೆ ತಂದು ನಿಲ್ಲಿಸಿದ್ದಾರೆ. ಎಂಜಿನ್ನೂ ಹೊಗೆಕೊಳವೆಯೂ ಹಿಂದೆಯೇ ಉಳಿದಿವೆ. ಒಂದು ಮನೆ ಎರಡಾಯಿತು. ಹೀಗಾಗಿ ನಾನು ಮನಸ್ಸಿನಲ್ಲಿಯೇ ಮುದುಕರಿಗೆ ಅದ್ವೈತಿಗಳೆಂದೂ ಆಕೆಗೆ ದ್ವೈತಿಗಳೆಂದೂ ಹೆಸರಿಟ್ಟೆ. ಇಬ್ಬರ ವಾದವೂ ನಮ್ಮ ಪಂಡಿತರ ವಾದದಷ್ಟೇ ಬಿಸಿಯಾಗಿರುತ್ತಿತ್ತು. ನಡುನಡುವೆ ಕಾಫಿಯೂ ಆಗುತ್ತಿತ್ತು.

ಮನೆಯನ್ನು ಮುಂದಕ್ಕೆ ತಂದುದೇಕೆ? ಆಕೆ ಬಿಡಿಸಿ ಹೇಳಿದರು. ಬ್ರಿಜ್ಜಿನಲ್ಲಿ ನಿಂತವನಿಗೆ ಹಡಗಿನ ಮುಂದೆ 500 ಮೀಟರಿಗಿಂತ ಹೆಚ್ಚು ದೂರದ ನೀರು ಮರೆಯಾಗಕೂಡದೆಂದು ಅಂತರರಾಷ್ಟ್ರೀಯ ನಿಯಮವಿದೆ. ಗೋಪುರ ಹಿಂದಿದ್ದರೆ ಮುಂದೆ ಪೇರಿಸಿದ ಪೆಟ್ಟಿಗೆಗಳು ದೃಷ್ಟಿಗೆ ಅಡ್ಡ ಬರುತ್ತವೆ. ಆದ್ದರಿಂದ ಎತ್ತರಕ್ಕೆ ಪೇರಿಸುವಂತಿಲ್ಲ. ಗೋಪುರ ಮುಂದೆ ಬಂದರೆ ಅದರ ಹಿಂದೆ ಎಷ್ಟು ಎತ್ತರಕ್ಕೆ ಪೇರಿಸಿದರೂ ಕಪ್ತಾನನ ಕಣ್ಣಿಗೆ ಬಾಧಕವಿಲ್ಲ. ಈ ತತ್ತ್ವವನ್ನು ಮನೆಯಲ್ಲಿ ನನ್ನಾಕೆಗೆ ವಿವರಿಸಹೋದೆ. "ಇದರಲ್ಲಿ ಏನು ಪಾಂಡಿತ್ಯ? ಅಡಿಗೆಮನೆಯ ಕಿಟಕಿಯ ಮುಂದೆ ಡಬ್ಬ ಪೇರಿಸಿದರೆ ಬೀದಿ ಕಾಣುವುದಿಲ್ಲ. ಬೆನ್ನ ಹಿಂದೆ ಪೇರಿಸಿದರೆ ಕಾಣುತ್ತದೆ. ನಲವತ್ತು ವರ್ಷದಿಂದ ನಾನು ಮಾಡುತ್ತಿರುವುದೇ ಅದು" ಎಂದಳು. ಈ ಮಾತನ್ನು ಉಪಾಧ್ಯಾಯಿನಿಗೆ ತಿಳಿಸಿದಾಗ ಆಕೆ ಚಪ್ಪಾಳೆ ತಟ್ಟಿ, ಮರುದಿನ ನನ್ನಾಕೆಗೆ ಒಂದು ಕೇಕು ಕಳುಹಿಸಿದರು.

ವೇಗದ ವಿಷಯದಲ್ಲಿಯೂ ಆಕೆಯದೇ ಮೇಲುಗೈ. ಹಡಗಿನ ವೇಗ ಹೆಚ್ಚಿದಂತೆ ಅದಕ್ಕೆ ಬೇಕಾಗುವ ಬಲ ಸುಮಾರು ಘನದ ಲೆಕ್ಕದಲ್ಲಿ ಏರುತ್ತದೆ. 25 ನಾಟ್ ಬದಲು 20 ನಾಟ್ ಹೋದರೆ ಬಲ ಅರ್ಧಕ್ಕೆ ಇಳಿಯುತ್ತದೆ! 2008ರ ಆರ್ಥಿಕ ಕುಸಿತದ ಬಳಿಕ ಹಡಗಿನ ಒಡೆಯರಿಗೆ ಈ ಲೆಕ್ಕ ಚೆನ್ನಾಗಿ ಅರ್ಥವಾಯಿತು. ನಿಧಾನವಾಗಿ ಹೋಗು, ಹೆಚ್ಚು ಹೊರು ಎಂಬುದು ಹೊಸ ಸೂತ್ರವಾಯಿತು. ಮೆಕ್-ಕಿನ್ನೆ ಮೊಲ್ಲರ್ ಹಡಗಿನ ಒಡಲು ಕತ್ತಿಯಂತಿಲ್ಲ, ಕೊಪ್ಪರಿಗೆಯಂತೆ ದುಂಡಗಿದೆ. ಎರಡು ಸಣ್ಣ ಎಂಜಿನ್, ಎರಡು ಪ್ರೊಪೆಲ್ಲರ್. 18,000ಕ್ಕೂ ಮಿಕ್ಕಿ ಪೆಟ್ಟಿಗೆ. ವೇಗವನ್ನೇ ಸೌಂದರ್ಯವೆಂದು ನಂಬಿದ ಮುದುಕರಿಗೆ ಇದು ಸಹಿಸದು. ಆದರೆ ಎರಡು ಎಂಜಿನ್ನಿನ ಮತ ಮಾತ್ರ ಹೆಚ್ಚು ಶಿಷ್ಯರನ್ನು ಗಳಿಸಲಿಲ್ಲವೆಂಬುದನ್ನು ಎತ್ತಿ ತೋರಿಸಿ ಅವರು ಸಮಾಧಾನಪಟ್ಟುಕೊಳ್ಳುವರು. ಆಮೇಲೆ ಕಟ್ಟಿದ ಭಾರಿ ಹಡಗುಗಳಲ್ಲಿ ಹೆಚ್ಚಿನವು ಎರಡು ಮನೆಯನ್ನು ಒಪ್ಪಿದರೂ ಒಂದೇ ಎಂಜಿನ್ನಿಗೆ ಮರಳಿದವು.

ಬ್ಯಾಂಕಿನ ಮನುಷ್ಯನಾದ ನನಗೆ ಹಿಡಿಸಿದುದು ಇನ್ನೊಂದು ಲೆಕ್ಕ. 2006ರ ಎಮ್ಮಾ ಸುಮಾರು 15,000 ಪೆಟ್ಟಿಗೆ ಹೊರುತ್ತಿತ್ತು. 2023ರ 'ಎಮ್‌ಎಸ್‌ಸಿ ಐರಿನಾ' 24,346 ಹೊರುತ್ತದೆ. (20 ಅಡಿಯ ಪೆಟ್ಟಿಗೆಯನ್ನು ಒಂದೆಂದು ಎಣಿಸುವ ಪದ್ಧತಿ.) ಹದಿನೇಳು ವರ್ಷಗಳಲ್ಲಿ ಹಡಗಿನ ಉದ್ದ ಬೆಳೆದುದೆಷ್ಟು? 397 ಮೀಟರಿನಿಂದ 399.9 ಮೀಟರಿಗೆ, ಮೂರು ಮೀಟರೂ ಇಲ್ಲ! ಬೆಳವಣಿಗೆಯೆಲ್ಲ ಅಗಲದಲ್ಲಿ, ಒಡಲಿನ ದುಂಡುತನದಲ್ಲಿ ಮತ್ತು ಪೇರಿಸುವ ಎತ್ತರದಲ್ಲಿ. ಎಮ್ಮಾದಲ್ಲಿ ಅಡ್ಡಸಾಲಿಗೆ 22 ಪೆಟ್ಟಿಗೆ. ಮೆಕ್-ಕಿನ್ನೆ ಮೊಲ್ಲರಿನಲ್ಲಿ 23. 2019ರ 'ಎಮ್‌ಎಸ್‌ಸಿ ಗುಲ್ಸುನ್' ಬಂದಾಗ 24. ಒಂದೊಂದು ಸಾಲು ಹೆಚ್ಚಿದಾಗಲೂ ಬಂದರಿನ ಕ್ರೇನಿನ ತೋಳು ಅಷ್ಟು ದೂರ ಚಾಚಬೇಕು. "ನೀವು ಒಂದು ಸಾಲು ಸೇರಿಸಿದಿರಿ, ನಮ್ಮ ಕ್ರೇನನ್ನು ಗುಜರಿಗೆ ಹಾಕಿದಿರಿ" ಎಂದು ಮುದುಕರು ಯಾರನ್ನೋ ಉದ್ದೇಶಿಸಿ ನದಿಗೆ ಹೇಳುವರು. 1956ರಲ್ಲಿ ಅಮೆರಿಕದ ನ್ಯೂವಾರ್ಕಿನಿಂದ ಹ್ಯೂಸ್ಟನ್ನಿಗೆ 'ಐಡಿಯಲ್ ಎಕ್ಸ್' ಎಂಬ ಹಡಗು ಹೊತ್ತೊಯ್ದ ಪೆಟ್ಟಿಗೆಗಳು ಕೇವಲ 58 ಎಂದು ಕೇಳಿದಾಗ, ಬೀಜದಿಂದ ಆಲದ ಮರ ಹುಟ್ಟುವ ಮಾತು ನೆನಪಾಯಿತು.

ಎರಡು ಮತಗಳಿದ್ದಲ್ಲಿ ಮೂರನೆಯದೊಂದು ಹುಟ್ಟದೆ ಇದ್ದೀತೆ? ಹುಡುಗನೇ ಅದರ ಆಚಾರ್ಯ. 2024ರ ಪ್ರಾರಂಭದಲ್ಲಿ ಬಂದ 'ಆನೆ ಮೇರ್ಸ್ಕ್' ಎಂಬ ಹಡಗಿನ ಚಿತ್ರವನ್ನು ಆತ ಎರಡು ಪುಟ ತುಂಬ ಬರೆದಿದ್ದ. ಅದು ಮೆಥನಾಲಿನಿಂದಲೂ ಓಡಬಲ್ಲ ಹಡಗು; 350 ಮೀಟರ್ ಉದ್ದ, 16,000ಕ್ಕೂ ಹೆಚ್ಚು ಪೆಟ್ಟಿಗೆ. ಅದರಲ್ಲಿ ವಸತಿಗೋಪುರವನ್ನು ಹಡಗಿನ ಮೂತಿಯ ಮೇಲೆಯೇ ಇಟ್ಟಿದ್ದಾರೆ. ಹೊಗೆಕೊಳವೆಯನ್ನು ಕಟ್ಟಕಡೆಗೆ ತಳ್ಳಿ, ಅದೂ ಒಂದೇ ಪಕ್ಕಕ್ಕೆ ಸರಿಸಿದ್ದಾರೆ. ನಡುವೆ ಇರುವುದೆಲ್ಲ ಪೆಟ್ಟಿಗೆಗೇ ಮೀಸಲು. "ನಾಳಿನ ಹಡಗೆಲ್ಲ ಹೀಗೇ" ಎಂದು ಹುಡುಗ ಘೋಷಿಸಿದ.

ಆಗ ಉಪಾಧ್ಯಾಯಿನಿ ಒಂದು ರಟ್ಟಿನ ಪೆಟ್ಟಿಗೆ ತರಿಸಿದರು. ಮುಚ್ಚಳ ಕಿತ್ತು, "ಎರಡು ತುದಿ ಹಿಡಿದು ತಿರುಚಿ" ಎಂದು ನನ್ನ ಕೈಗೆ ಕೊಟ್ಟರು. ಪೆಟ್ಟಿಗೆ ಸುಲಭವಾಗಿ ತಿರುಚಿಕೊಂಡಿತು. ಕಂಟೇನರು ಹಡಗೆಂದರೆ ಇಂಥ ಮುಚ್ಚಳವಿಲ್ಲದ ಪೆಟ್ಟಿಗೆ. ಮೇಲಿನಿಂದ ಸರಕು ಇಳಿಸಬೇಕಾದುದರಿಂದ ಅಟ್ಟದ ತುಂಬ ಬಾಯಿ. ಅಲೆಗಳು ಅದನ್ನು ಬಾಗಿಸುತ್ತವೆ, ತಿರುಚುತ್ತವೆ. ಆಕೆ ಪೆಟ್ಟಿಗೆಯ ನಡುವೆ ಒಂದು ರಟ್ಟಿನ ಅಡ್ಡಗೋಡೆ ಸಿಕ್ಕಿಸಿದರು. ಈಗ ತಿರುಚುವುದು ಕಷ್ಟವಾಯಿತು. "ವಸತಿಗೋಪುರ ಮಾಡುವ ಕೆಲಸಗಳಲ್ಲಿ ಇದೂ ಒಂದು. ಅದನ್ನು ಮೂತಿಗೆ ಒಯ್ದರೆ ಆ ಬಲವನ್ನು ಬೇರೆ ಕಡೆಯಿಂದ ತರಬೇಕು. ತಂದಿದ್ದಾರೆ, ಸಂತೋಷ. ಆದರೆ ಮರೆಯಬಾರದು" ಎಂದರು. 2013ರ ಜೂನ್ 17ರಂದು ಸಿಂಗಪುರದಿಂದ ಜೆಡ್ಡಾಕ್ಕೆ ಹೊರಟಿದ್ದ 'ಎಮ್‌ಓಎಲ್ ಕಂಫರ್ಟ್' ಎಂಬ ಹಡಗು ನಮ್ಮ ಅರಬ್ಬೀ ಸಮುದ್ರದಲ್ಲಿಯೇ ನಡುಬೆನ್ನು ಮುರಿದು ಎರಡು ಹೋಳಾಯಿತು. ಐದೇ ವರ್ಷದ ಹಳೆಯ ಹಡಗು. ಪುಣ್ಯಕ್ಕೆ 26 ಮಂದಿಯೂ ಬದುಕಿಕೊಂಡರು.

ಆ ರಟ್ಟಿನ ಪೆಟ್ಟಿಗೆ ಇನ್ನೂ ನನ್ನ ಕೈಯಲ್ಲಿಯೇ ಇತ್ತು. ಅಷ್ಟು ದಿನ ನಾನು ಲೆಕ್ಕ ಕೇಳಿದ್ದೆ, ತರ್ಕ ಕೇಳಿದ್ದೆ, ಕಾಫಿ ಕುಡಿದಿದ್ದೆ. ಅದರೊಳಗೆ ಒಬ್ಬ ಮನುಷ್ಯ ಇರುತ್ತಾನೆಂಬುದು ಆಗ ಹೊಳೆಯಿತು. "ಆ ಮೂತಿಯ ಮೇಲಿನ ಮನೆಯಲ್ಲಿ ಮಲಗಿದವರಿಗೆ ನಿದ್ದೆ ಬರುತ್ತದೆಯೆ?" ಎಂದು ಕೇಳಿದೆ. ಮೂತಿಯಲ್ಲವೇ ಅಲೆಗೆ ಮೊದಲು ಎದೆಯೊಡ್ಡುವುದು? ತೊಟ್ಟಿಲ ತುದಿ ತೂಗಿದಷ್ಟು ನಡು ತೂಗುವುದಿಲ್ಲ. ಮೂವರೂ ಸುಮ್ಮನಾದರು. ಹುಡುಗ ನೋಟ್‌ಬುಕ್ಕು ಮಗುಚಿ, "ಹಡಗು ಕಟ್ಟಿಸಿದವರೂ ಅದನ್ನು ಯೋಚಿಸಬೇಕಾಯಿತಂತೆ. ಜನರ ಸೌಖ್ಯ, ಜೀವರಕ್ಷಕ ದೋಣಿಗಳ ಜಾಗ, ಕಪ್ತಾನನಿಗೆ ಹಿಂಭಾಗ ಕಾಣಲು ಕ್ಯಾಮೆರಾ, ಎಲ್ಲವನ್ನೂ ಹೊಸದಾಗಿ ಏರ್ಪಡಿಸಿದ್ದಾರೆ" ಎಂದ. ನಂತರ ಮೆಲ್ಲಗೆ, "ನಿದ್ದೆ ಬರುತ್ತದೆಯೋ ಇಲ್ಲವೋ ಅಲ್ಲಿದ್ದವರನ್ನೇ ಕೇಳಬೇಕು" ಎಂದು ಸೇರಿಸಿದ.

ಮೂರನೆಯ ವಾರದ ಒಂದು ಮಧ್ಯಾಹ್ನ ಮಗನ ಹಡಗು ಬಂದಿತು. ನಾನೂ ನನ್ನಾಕೆಯೂ ಮಗಳೂ ಕಟಕಟೆಗೆ ಆತು ನಿಂತಿದ್ದೆವು. ತಿರುವಿನಲ್ಲಿ ಮೊದಲು ಕಂಡುದು ಮೂತಿ. ಆಮೇಲೆ ಹಡಗು ಬರುತ್ತಲೇ ಇದ್ದಿತು, ಬರುತ್ತಲೇ ಇದ್ದಿತು. ಎರಡು ಮನೆಯ ಹಡಗು, 24 ಸಾಲು, ಒಂದೇ ಹೊಗೆಕೊಳವೆ. ನಾಲ್ಕುನೂರು ಮೀಟರಿನ ಆ ಪರ್ವತ ಹೆಚ್ಚು ಸದ್ದಿಲ್ಲದೆ, ದೇವರ ತೇರಿನ ಗಾಂಭೀರ್ಯದಿಂದ ಮುಂದೆ ಸಾಗಿತು. ಧ್ವಜ ತಗ್ಗಿತು. ರಾಷ್ಟ್ರಗೀತೆ ಮೊಳಗಿತು. ಲೈಬೀರಿಯ ದೇಶದ ಗೀತೆ!

"ಇದು ಯಾರ ಹಾಡು? ನಮ್ಮದಲ್ಲವಲ್ಲ" ಎಂದಳು ನನ್ನಾಕೆ. ಕೊರಿಯದಲ್ಲಿ ಹುಟ್ಟಿದ ಹಡಗು, ಒಡೆಯರು ಯೂರೋಪಿನವರು, ಬಾವುಟ ಲೈಬೀರಿಯದ್ದು, ಹೊತ್ತಿರುವುದು ಚೀನದ ಸಾಮಾನು, ನಡೆಸುವವರು ನಮ್ಮವರೂ ಫಿಲಿಪ್ಪೀನ್ಸಿನವರೂ. ತೆರಿಗೆ, ನೋಂದಣಿಗಳ ಅನುಕೂಲಕ್ಕಾಗಿ ಹಡಗುಗಳು ಹೀಗೆ ಪರದೇಶದ ಬಾವುಟ ಹೊರುವುದು ಲೋಕರೂಢಿಯೆಂದು ನಾನು ವಿವರಿಸಿದೆ. ಅವಳು ಕೇಳಿಸಿಕೊಳ್ಳಲಿಲ್ಲ. ಹಡಗಿನ ಯಾವುದೋ ಅಂಚಿನಲ್ಲಿ ಕಂಡ ಕಿತ್ತಳೆ ಬಣ್ಣದ ಚುಕ್ಕೆಯೊಂದಕ್ಕೆ ಸೆರಗು ಬೀಸುತ್ತಿದ್ದಳು. ಅದು ಮಗನಾಗಿರಲಿಕ್ಕಿಲ್ಲ.

ಬಂದರಿನ ಒಳಗೆ ಹೊರಗಿನವರಿಗೆ ಪ್ರವೇಶವಿಲ್ಲ. ಆದರೆ ಹ್ಯಾಂಬರ್ಗಿನಲ್ಲಿ 'ಡಕ್‌ಡಾಲ್ಬನ್' ಎಂಬ ನಾವಿಕರ ವಿಶ್ರಾಂತಿಗೃಹವೊಂದು 1986ರಿಂದ ನಡೆಯುತ್ತಿದೆ. ನಾವಿಕರನ್ನು ವ್ಯಾನಿನಲ್ಲಿ ಕರೆತರುತ್ತಾರೆ; ಅವರು ಊರಿಗೆ ಮಾತಾಡಬಹುದು, ಬಿಲಿಯರ್ಡ್ಸ್ ಆಡಬಹುದು, ಬೇರೆ ಬೇರೆ ಧರ್ಮದವರು ಒಂದೇ ಕೋಣೆಯಲ್ಲಿ ಪ್ರಾರ್ಥಿಸಬಹುದು. ಅಲ್ಲಿ ಮರುದಿನ ಸಂಜೆ ಎರಡು ಗಂಟೆಯ ಕಾಲ ಮಗ ನಮಗೆ ಸಿಕ್ಕಿದ. ಸೊರಗಿದ್ದ, ಕೈಯ ಗೆಣ್ಣುಗಳಲ್ಲಿ ತೊಳೆದರೂ ಹೋಗದ ಕಪ್ಪು. ತಾಯಿ ಚಕ್ಕುಲಿ ತಿನ್ನಿಸಿದಳು, ಅಕ್ಕ ಕೈ ಹಿಡಿದುಕೊಂಡಳು. ನನ್ನ ಸರದಿ ಬಂದಾಗ ಎಂದಿನಂತೆ "ಊಟ ಆಯಿತೆ?" ಎಂದೆ. "ಆಯಿತಪ್ಪ" ಎಂದ. "ಹುಷಾರಾಗಿದ್ದೀಯಾ?" "ಹೂಂ." ಮೂರನೆಯ ಮಾತಿಗೆ ಅವಕಾಶವಿರಲಿಲ್ಲ, ಅಮ್ಮ ಅಲ್ಲಿಯೇ ಕುಳಿತಿದ್ದಳು.

ಆಗ, ಹೇಗೋ ಕಾಣೆ, ನನ್ನ ಬಾಯಿಂದ ನಾಲ್ಕನೆಯ ಮಾತು ಬಂದಿತು. "ನಿಮ್ಮದು ಎರಡು ಮನೆಯ ಹಡಗಲ್ಲವೇನೋ? ನೀನು ಮಲಗುವುದು ಮುಂದಿನ ಮನೆಯಲ್ಲಿ, ಎಂಜಿನ್ ಇರುವುದು ಹಿಂದಿನದರ ಕೆಳಗೆ. ರಾತ್ರಿ ಏನಾದರೂ ಕೆಟ್ಟರೆ ಅಷ್ಟು ದೂರ ಹೇಗೆ ಹೋಗುತ್ತೀಯೆ?"

ಅವನು ಚಕ್ಕುಲಿ ಕೆಳಗಿಟ್ಟು ನನ್ನ ಮುಖ ನೋಡಿದ. "ಇದನ್ನು ನಿಮಗೆ ಯಾರು ಹೇಳಿದರು?" ಎಂದ. ನದಿಯ ದಂಡೆಯ ಸಂಗತಿಯನ್ನೆಲ್ಲ ಹೇಳಿದೆ. ಎಮ್ಮಾ, ಮೊಲ್ಲರ್, ಆನೆ, ರಟ್ಟಿನ ಪೆಟ್ಟಿಗೆ. ಅವನು ನಕ್ಕ. ಆಮೇಲೆ ಮಾತಾಡತೊಡಗಿದ.

ರಾತ್ರಿ ಎಂಜಿನ್ ಕೋಣೆಯಲ್ಲಿ ಯಾರೂ ಇರುವುದಿಲ್ಲವಂತೆ. ಯಂತ್ರಗಳೇ ತಮ್ಮ ಕಾವಲು ಕಾಯುತ್ತವೆ. ಏನಾದರೂ ಏರುಪೇರಾದರೆ ಸರದಿಯ ಎಂಜಿನಿಯರನ ಕೋಣೆಯಲ್ಲಿ ಗಂಟೆ ಬಾರಿಸುತ್ತದೆ. ಹಳೆಯ ಹಡಗಿನಲ್ಲಿ ನಾಲ್ಕು ಮೆಟ್ಟಿಲಿಳಿದರೆ ಎಂಜಿನ್. ಇಲ್ಲಿ ಮುಂದಿನ ಗೋಪುರದಿಂದಿಳಿದು, ಅಟ್ಟದ ಕೆಳಗೆ ಹಡಗಿನ ಪಕ್ಕದುದ್ದಕ್ಕೂ ಹಾಯುವ ಇಕ್ಕಟ್ಟಾದ ಓಣಿಯಲ್ಲಿ ಇನ್ನೂರು ಹೆಜ್ಜೆಗೂ ಮೀರಿ ನಡೆದು ಹೋಗಬೇಕು. "ನಿದ್ದೆಗಣ್ಣಿನಲ್ಲಿ ಒಮ್ಮೆ ಹೋಗಿ ಬಂದು ಮಲಗಿದರೆ ಮತ್ತೆ ಗಂಟೆ. ಮತ್ತೆ ಅಷ್ಟೇ ದೂರ." ಗಾಳಿ ಜೋರಾಗಿದ್ದಾಗ ಆ ಓಣಿಯ ಒಂದು ತುದಿಯಲ್ಲಿ ನಿಂತು ನೋಡಿದರೆ ಇನ್ನೊಂದು ತುದಿ ನಿಧಾನವಾಗಿ ವಾಲಿ ತಿರುಗುವುದು ಕಣ್ಣಿಗೇ ಕಾಣುತ್ತದಂತೆ. "ಉಕ್ಕು ಬಾಗಬೇಕಪ್ಪ. ಬಾಗದಿದ್ದರೆ ಮುರಿಯುತ್ತದೆ. ಮೊದಲ ಸಲ ಗುಡ್‌ಹೋಪ್ ಭೂಶಿರದ ಹತ್ತಿರ ಅದನ್ನು ಕಂಡಾಗ ಕೈಕಾಲು ತಣ್ಣಗಾದವು. ಯಾರಿಗೂ ಹೇಳಿರಲಿಲ್ಲ."

"ನನಗೆ ಹೇಳಬಹುದಿತ್ತಲ್ಲೋ" ಎಂದೆ.

"ನೀವು ಕೇಳಲಿಲ್ಲ" ಎಂದ. ಆ ಮಾತಿನಲ್ಲಿ ಕೊಂಕಿರಲಿಲ್ಲ. ಅದಕ್ಕೇ ಅದು ಇನ್ನೂ ನನ್ನನ್ನು ಬಿಟ್ಟಿಲ್ಲ.

ಒಂದು ಕಾಗದದ ಮೇಲೆ ಅವನು ತನ್ನ ಹಡಗನ್ನು ಗೆರೆಯೆಳೆದು ತೋರಿಸಿದ: ಇದು ನನ್ನ ಕೋಣೆ, ಇದು ಓಣಿ, ಇದು ಯಂತ್ರ. ಎಂಜಿನ್ನಿನ ವಿಷಯ ಹೇಳುವಾಗ ಅವನ ಧ್ವನಿಯೇ ಬೇರೆಯಾಗಿತ್ತು. ನಾನು ಎಣ್ಣೆ ಒರೆಸುವ ಕೆಲಸವೆಂದಿದ್ದುದನ್ನು ಅವನು ಮರೆತಿರಲಾರ. ಕ್ಷಮೆ ಕೇಳಬೇಕೆಂದುಕೊಂಡೆ; ನಮ್ಮ ಕಾಲದ ತಂದೆಯರಿಗೆ ಆ ಅಭ್ಯಾಸವಿಲ್ಲ. ಅದರ ಬದಲು, "ಸಿಲಿಂಡರಿನೊಳಕ್ಕೆ ಮನುಷ್ಯ ಇಳಿಯಬಹುದೇ?" ಎಂದು ಕೇಳಿದೆ. "ಇಳಿದಿದ್ದೇನೆ" ಎಂದು ಹೆಮ್ಮೆಯಿಂದ ಹೇಳಿದ. ವ್ಯಾನು ಬಂದು ಕರೆಯಿತು. ಕಾಗದವನ್ನು ನಾನು ಜೇಬಿನಲ್ಲಿಟ್ಟುಕೊಂಡೆ.

ಮರುದಿನ ಸಂಜೆ ಬೆಳಕಿರುವಾಗಲೇ ಆ ಹಡಗು ಮರಳಿ ಹೊರಟಿತು. ದಂಡೆಯಲ್ಲಿ ಹಡಗುಹುಚ್ಚರೆಲ್ಲ ಸೇರಿದ್ದರು, ಸುದ್ದಿ ಹಬ್ಬಿತ್ತು. ಹುಡುಗ ಹೊಸ ಪುಟ ತೆರೆದು ಪೆನ್ಸಿಲ್ ಹಿಡಿದಿದ್ದ. ಶುಭಪ್ರಯಾಣ ಕೋರುವ ಬಾವುಟಗಳು ಏರಿದವು, ವಿದಾಯದ ರಾಗ ಮೊಳಗಿತು. ಎಲ್ಲರೂ ಮುಂದಿನ ಗೋಪುರದ ಕಡೆಗೆ ಕೈ ಬೀಸಿದರು. ಅಲ್ಲಿಂದ ಯಾರೋ ಮರಳಿ ಬೀಸಿದರು. ನನ್ನಾಕೆಯೂ ಅತ್ತಲೇ ನೋಡುತ್ತಿದ್ದಳು. "ಅಲ್ಲಿ ಇರುವುದಿಲ್ಲ ಕಣೆ. ಬಂದರು ಬಿಡುವ ಹೊತ್ತು ಎಂಜಿನಿಯರುಗಳೆಲ್ಲ ಕೆಳಗೆ ಯಂತ್ರದ ಮುಂದಿರಬೇಕು. ಹಿಂದೆ ನೋಡು, ಆ ಹೊಗೆಕೊಳವೆಯ ಬುಡದಲ್ಲಿ, ನೀರಿನ ಮಟ್ಟಕ್ಕಿಂತ ಕೆಳಗೆ" ಎಂದು ತೋರಿಸಿದೆ. ಇಬ್ಬರೂ ಹೊಗೆಕೊಳವೆಯನ್ನೇ ನೋಡುತ್ತ ನಿಂತೆವು. ತೆಳ್ಳಗೆ ಹೊಗೆ ಬರುತ್ತಿತ್ತು.

"ಹೊಗೆ ಚೆನ್ನಾಗಿದೆಯೇ?" ಎಂದು ಕೇಳಿದಳು.

"ಚೆನ್ನಾಗಿದೆ. ಕಪ್ಪಿಲ್ಲ" ಎಂದೆ.

ಇದಾಗಿ ಒಂದು ವರ್ಷಕ್ಕೆ, 2025ರ ಜೂನ್ 9ರಂದು, 'ಎಮ್‌ಎಸ್‌ಸಿ ಐರಿನಾ' ಕೇರಳದ ವಿಳಿಂಜಂ ಬಂದರಿಗೆ ಬಂದಿತು. ನಮ್ಮ ದೇಶಕ್ಕೆ ಅದುವರೆಗೆ ಬಂದ ಅತಿ ದೊಡ್ಡ ಕಂಟೇನರು ಹಡಗುಗಳಲ್ಲಿ ಅದೂ ಒಂದು. ಅದೇ ದಿನ ಅದೇ ಕೇರಳದ ಕಡಲಿನಲ್ಲಿ, ಕೊಲಂಬೊದಿಂದ ಮುಂಬಯಿಯ ಕಡೆ ಹೊರಟಿದ್ದ 'ವಾನ್ ಹೈ 503' ಎಂಬ ಇನ್ನೊಂದು ಹಡಗಿಗೆ ಬೆಂಕಿ ಬಿದ್ದಿತು. 22 ಮಂದಿಯಲ್ಲಿ ನಾಲ್ವರು ಕಾಣೆಯಾದರು. ಉಳಿದ 18 ಮಂದಿಯನ್ನು ನೌಕಾದಳದ ಹಡಗು ನಮ್ಮ ಮಂಗಳೂರಿನ ಬಂದರಿಗೇ ತಂದಿಳಿಸಿತು. ಎರಡು ಸುದ್ದಿಯನ್ನೂ ನನ್ನಾಕೆ ಗಟ್ಟಿಯಾಗಿ ಓದಿದಳು. ಎರಡನೆಯದನ್ನು ಓದಿ ಪತ್ರಿಕೆ ಮಡಿಸಿಟ್ಟಳು.

ಅಂದು ರಾತ್ರಿ ಮಗನಿಗೆ ಟೆಲಿಫೋನು ಮಾಡಿದೆ. ಹಿಂದೂ ಮಹಾಸಾಗರದ ನಡುವೆ ಎಲ್ಲೋ ಇದ್ದ. "ಹುಷಾರು" ಎಂದು ಹೇಳಲಿಲ್ಲ. "ನಿಮ್ಮ ಹಡಗಿನಲ್ಲಿ ಪೆಟ್ಟಿಗೆಗಳ ಮೇಲಿನ ಸಾಲಿಗೆ ಬೆಂಕಿ ಬಿದ್ದರೆ ನೀರು ಅಲ್ಲಿಯವರೆಗೆ ಮುಟ್ಟುತ್ತದೆಯೇನೋ?" ಎಂದು ಕೇಳಿದೆ. 2016ರಿಂದೀಚೆಗೆ ಕಟ್ಟಿದ ಹಡಗುಗಳಲ್ಲಿ ಎತ್ತರದ ಸಾಲಿಗೆ ನೀರು ಚಿಮ್ಮಿಸುವ ಯಂತ್ರಗಳಿರಬೇಕೆಂಬ ನಿಯಮ, ಪೆಟ್ಟಿಗೆಯ ಗೋಡೆಯನ್ನೇ ತೂತು ಮಾಡಿ ಒಳಗೆ ನೀರಿನ ಮಂಜು ಹಾಯಿಸುವ ಈಟಿಯಂಥ ಕೊಳವೆ, ಅದನ್ನು ಹಿಡಿದು ಅಭ್ಯಾಸ ಮಾಡಿದ ಕಥೆ, ಎಲ್ಲವನ್ನೂ ಹೇಳಿದ. "ಅಷ್ಟು ಸಾಕೇ?" ಎಂದೆ. ಸ್ವಲ್ಪ ಹೊತ್ತು ತಡೆದು, "ಸಾಲದಪ್ಪ. ಹಡಗು ಬೆಳೆದಷ್ಟು ಬೇಗ ಅದು ಬೆಳೆದಿಲ್ಲ" ಎಂದ. ನನಗೆ ಹೆದರಿಕೆಯಾಯಿತು. ಆದರೆ ಮಗ ನಿಜ ಹೇಳಿದ್ದ. ಅದನ್ನು ನನಗೇ ಹೇಳಿದ್ದ.

ಗಡಿಯಾರ ನೋಡಿದೆ. ನಲವತ್ತು ನಿಮಿಷವಾಗಿತ್ತು. ಬಾಗಿಲಲ್ಲಿ ನನ್ನಾಕೆ ಕೈ ನೀಡಿ ನಿಂತು, "ನನಗೂ ಸ್ವಲ್ಪ ಉಳಿಸಿ" ಎನ್ನುತ್ತಿದ್ದಳು.